ಬಚ್ಚಲ ಬದಿಯ ಪುದೀನಕ್ಕಾಗಿ ಒಂದು ಮನವಿ

ಎಸಳುಮನೆ ಬೀದಿ, ಹೊಸಕೋಲಾರ
ಕ್ರಿ.ಶ. 2391, ಆಷಾಢದ ಮೂವತ್ತೆಂಟನೇ ದಿನ

ಇನ್ನೂ ಕಾಲಾಡಿಸುತ್ತಿರುವ ಪೂರ್ವಜರೇ,

ಆಷಾಢಕ್ಕೆ ಮೂವತ್ತೆಂಟು ದಿನ ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ತಿಂಗಳು ಮುಗಿಸುವ ಅವಸರ ನಮ್ಮಲ್ಲಿ ಯಾರಿಗೂ ಉಳಿದಿಲ್ಲ. ಏಕೆಂಬುದೇ ಈ ಕಾಗದದ ವಿಷಯ. ನನ್ನ ಕನ್ನಡ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮದೂ ನಮಗೆ ಹಾಗೇ ಕೇಳಿಸುತ್ತದೆ, ಆದರೂ ನಾವು ದೂರು ಕೊಟ್ಟಿಲ್ಲ.

ನೀವು ಪುದೀನವನ್ನು ಚಟ್ನಿಗೆ ಅರೆಯುತ್ತೀರಂತೆ. ನಾವು ಅಳೆಯುತ್ತೇವೆ. ಎಸಳುಮನೆ ಎಂದರೆ ಪುದೀನದ ತಳಿಗಳನ್ನು ಸಾಲಾಗಿ ಬೆಳೆಸಿ, ಎಲೆ ಹಿಂಡಿ, ರಸದೊಳಗಿನ ಒಂದೊಂದು ಸತ್ವವನ್ನೂ ಬೇರ್ಪಡಿಸಿ ತೂಗುವ ಕಟ್ಟಡ. ಯಂತ್ರದೊಳಗೆ ರಸ ಇಳಿದರೆ ಪರದೆಯ ಮೇಲೆ ಗುಡ್ಡಗಳ ಸಾಲು ಮೂಡುತ್ತದೆ: ಹೊಟ್ಟೆಯುಬ್ಬರ ಇಳಿಸುವ ಗುಡ್ಡ, ತಲೆನೋವು ಓಡಿಸುವ ಗುಡ್ಡ, ಸಿಟ್ಟು ಆರಿಸುವ ಗುಡ್ಡ. ಕೊನೆಯಲ್ಲೊಂದು ಮೊಂಡು ದಿಬ್ಬ. ಬರೀ ಒಗರು, ಯಾವ ಕೆಲಸಕ್ಕೂ ಬಾರದ್ದು. ಒಳ್ಳೆಯ ಗುಡ್ಡಗಳು ಏರುವ ಹಾಗೆ, ದಿಬ್ಬ ಅಳಿಯುವ ಹಾಗೆ ತಳಿ ಆರಿಸುತ್ತ ಹೋದೆವು. ಹಾಗೆ ಬಂದ ರಸಕ್ಕೆ ತಣಿಹನಿ ಎಂದು ಹೆಸರು. ಬೆಳಿಗ್ಗೆ ಕಾಫಿಯ ಬದಲು ನಾಲಿಗೆಯ ಮೇಲೆ ಒಂದು ಹನಿ. ಊರಿಗೆ ಊರೇ ತಣ್ಣಗಾಯಿತು. ನಲ್ಲಿಯ ಮುಂದೆ ಜಗಳವಿಲ್ಲ, ಮದುವೆಯಲ್ಲಿ ಬೀಗರು ಮುನಿಯುವುದಿಲ್ಲ. ಅದೂ ಒಂದು ಮದುವೆಯೇ ಎಂದು ನೀವು ಕೇಳಬಹುದು. ನಾವೂ ಕೇಳಿಕೊಂಡೆವು, ತಣ್ಣಗೆ.

ಆಮೇಲೆ ಪಕ್ಕದ ಮನೆಯ ಚೌಡಪ್ಪನವರು ಬಿಸಿಲು ಕಾಯಲು ಅಂಗಳದಲ್ಲಿ ನಿಂತವರು ಒಳಗೆ ಬರಲೇ ಇಲ್ಲ. ಮುಖ ಮಾತ್ರ ದಿನವಿಡೀ ಸೂರ್ಯನ ಹಿಂದೆ ತಿರುಗುತ್ತಿತ್ತು. ಊಟಕ್ಕೆ ಕರೆದರೆ ನಗುತ್ತಿದ್ದರು. ಈಗ ಅವರ ಹೆಂಡತಿ ಕಾಲಬುಡಕ್ಕೆ ಒಂದು ಚೊಂಬು ನೀರು ಹಾಕುತ್ತಾರೆ. "ಮೊದಲಿಗಿಂತ ವಾಸಿ ಬಿಡಪ್ಪ, ಎಲ್ಲಿ ಹೋದರು ಅಂತ ಹುಡುಕೋ ಹಂಗಿಲ್ಲ," ಎಂದರು. ಇಂಥವರನ್ನು ನಿಲುಗಾರರು ಎನ್ನುತ್ತೇವೆ. ನಮ್ಮ ಬೀದಿಯಲ್ಲಿ ನಡೆಯುವವರಿಗಿಂತ ಅವರೇ ಹೆಚ್ಚು. ಗಾಳಿ ಬೀಸದಿದ್ದರೂ ಎಲ್ಲರೂ ಒಟ್ಟಿಗೆ ಒಂದೇ ಕಡೆ ವಾಲುತ್ತಾರೆ.

ಕಾರಣ ಕಂಡುಹಿಡಿದವಳು ನನ್ನ ಅಕ್ಕ ಮುನಿರತ್ನ. ಎಸಳುಮನೆಯಲ್ಲಿ ಅವಳದು ಅಳೆಯುವ ಕೆಲಸ. "ಲೋ ಪೆದ್ದ, ಆ ಒಗರೇ ಕಣೋ ಗಿಡವನ್ನ ಗಿಡದೊಳಗೇ ಹಿಡಿದಿಟ್ಟಿದ್ದು. ಅದನ್ನ ತೆಗೆದು ಗಿಡವನ್ನೇ ಕುಡಿದು ಕೂತಿದ್ದೀವಿ," ಎಂದು ಬೈದಳು. ಒಗರು ಕಳೆಯದ, ಯಾವುದೋ ಕಾಲದ ನಾಟಿ ಪುದೀನದ ಪುಡಿ ಒಂದು ಚಿಟಿಕೆ ಉಳಿದಿತ್ತು. ಅದನ್ನು ಚೌಡಪ್ಪನವರ ಬಾಯಿಗೆ ಹಾಕಿದಳು. ಅವರು ಒಂದು ಹೆಜ್ಜೆ ಮುಂದಿಟ್ಟು, "ಥೂ, ಉಪ್ಪೇ ಇಲ್ಲ," ಎಂದರು. ಪುಡಿ ಮುಗಿದಿತ್ತು. ಅವರು ಮತ್ತೆ ನಿಂತರು.

ಆ ನಾಟಿ ಗಿಡ ಬೆಳೆಯುತ್ತಿದ್ದದ್ದು ಬಚ್ಚಲ ನೀರು ಹರಿಯುವ ಜಾಗದಲ್ಲಿ. ಎಸಳುಮನೆ ಕಟ್ಟಿದ ಹಿರಿಯರು ಮಡಿವಂತರು. ಮಿಂದ ನೀರು ಕುಡಿದ ಗಿಡ ಹೊಸ್ತಿಲು ದಾಟಬಾರದೆಂದು, ಒಂದು ಎಲೆಯನ್ನೂ ತೂಗದೆ, ಮನೆಮನೆಯಿಂದ ಬೇರುಸಮೇತ ಕೀಳಿಸಿದರು.

ಹೋದ ವಾರ ಅಕ್ಕನೂ ನಿಂತಳು. ನನ್ನನ್ನು ಕಂಡರೆ ನಗುತ್ತಾಳೆ. ಹುಟ್ಟಿದಾಗಿನಿಂದ ನನ್ನನ್ನು ನೋಡಿ ಗದರಿದ್ದೇ ಹೊರತು ನಕ್ಕವಳಲ್ಲ. ಇಂದು ತಲೆ ಬಾಚುವಾಗ ಅವಳ ಕಿವಿಯ ಹಿಂದೆ ಒಂದು ಚಿಗುರು ಕಂಡಿತು. ಅಂಚೆಲ್ಲ ಗರಗಸದಂತಿತ್ತು, ಬುಡ ಚರ್ಮದೊಳಗಿತ್ತು. ಎಸಳುಮನೆಯವರಿಗೆ ಯಾರು ಸುದ್ದಿ ಮುಟ್ಟಿಸಿದರೋ, ಬಾಗಿಲಿಗೇ ಬಂದಿದ್ದಾರೆ. "ಭಾರಿ ಒಳ್ಳೇ ತಳಿ ಕಣಪ್ಪ. ಸ್ವಲ್ಪವೇ ಸ್ವಲ್ಪ ಕತ್ತರಿಸಿಕೊಂಡು ಅಳೀತೀವಿ," ಎನ್ನುತ್ತಿದ್ದಾರೆ, ಬಹಳ ಮರ್ಯಾದೆಯಿಂದ.

ಅದಕ್ಕೇ ಈ ಮನವಿ. ಚಟ್ನಿಗೆ ಎಲೆ ಬಿಡಿಸಿ ನೀವು ಎಸೆಯುವ ಕಡ್ಡಿಗಳಲ್ಲಿ ಒಂದನ್ನು ಹಿತ್ತಲ ಬಚ್ಚಲ ಬದಿಯಲ್ಲಿ, ಕಲ್ಲಿನ ಸಂದಿಗೆ, ಯಾರ ಕಣ್ಣಿಗೂ ಬೀಳದ ಹಾಗೆ ಚುಚ್ಚಿ. ಎಷ್ಟು ಸತ್ವವಿದೆ ಎಂದು ಯಾರಿಗೂ ತೋರಿಸಲು ಹೋಗಬೇಡಿ. ಇಷ್ಟು ಬರೆದು ಎದ್ದು ಹಿತ್ತಲಿಗೆ ಹೋಗಿ ಒಂದೊಂದೇ ಕಲ್ಲು ಸರಿಸಿ, ನೀವು ಚುಚ್ಚಿದ್ದು ಆ ಹಿರಿಯರ ಕೈಗೆ ಸಿಗದೆ ಉಳಿದಿದೆಯೇ ಎಂದು ನೋಡುತ್ತೇನೆ. ಬೇಗ ಮಾಡಿ. ಅವರು ಕತ್ತರಿ ಒರೆಸುತ್ತಿದ್ದಾರೆ, ಅಕ್ಕ ಅವರನ್ನು ನೋಡಿಯೂ ನಗುತ್ತಿದ್ದಾಳೆ.