ಕಿರುಬಾಯಿಯ ಕವಾಟವನ್ನು ಕಡ್ಡಾಯ ಮಾಡಿದವರಿಗೆ

ಊರಿನ ನೀರನ್ನು ಆಳುವ ಮಾನ್ಯ ಅಧಿಕಾರಿಗಳೇ,

ತಮ್ಮ ಒಂದು ಅಪ್ಪಣೆಯಿಂದ ನಮ್ಮ ಮನೆಯ ತೊಟ್ಟಿ ಬರಿದಾಯಿತು, ಒಬ್ಬ ಸೂಲಗಿತ್ತಿಯ ಕೈ ಮುರಿಯಿತು. ಅಪ್ಪಣೆ ಮಾತ್ರ ಇನ್ನೂ ಸುಕ್ಷೇಮವಾಗಿದೆ.

ತೊಟ್ಟಿ ತುಂಬಿದೊಡನೆ ತಾಮ್ರದ ಗುಂಡು ಮೇಲೆ ತೇಲಿ ನೀರನ್ನು ನಿಲ್ಲಿಸುವ ಕವಾಟವನ್ನು ತಾವು ಬಲ್ಲಿರಿ. ಕಾಗದದ ಮೇಲಾದರೂ ಬಲ್ಲಿರಿ. ನಮ್ಮ ಬೀದಿ ಏರಿನಲ್ಲಿದೆ. ನಲ್ಲಿಯಲ್ಲಿ ನೀರು ಬೆಳಿಗ್ಗೆ ಒಂದೇ ಗಂಟೆ, ಅದೂ ಬಲವಿಲ್ಲದೆ ಬರುತ್ತದೆ. ಅದಕ್ಕೆಂದೇ ಕೊಳಾಯಿ ಕೆಲಸದ ಅಂಕಯ್ಯ ಅಗಲ ಬಾಯಿಯ ಕವಾಟ ಹಾಕಿದ್ದ. ಆರು ವರ್ಷ ತೊಟ್ಟಿ ತುಂಬಿತು, ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ. ತಮ್ಮ ಇನ್‌ಸ್ಪೆಕ್ಟರು ಬಂದು, ಅದರ ಮೇಲೆ ಇಲಾಖೆಯ ಮುದ್ರೆ ಇಲ್ಲವೆಂದು ಕೀಳಿಸಿ, ಕಿರುಬಾಯಿಯದನ್ನು ಹಾಕಿಸಿದರು. ನಾನು ಕಚೇರಿಗೆ ಬಂದು ಬೇಡಿಕೊಂಡಾಗ ತಾವು ತಲೆಯೆತ್ತದೆ ಕೇಳಿದಿರಿ: “ಮೈಸೂರಿಗೆ ಒಪ್ಪಿದ್ದು ನಿಮ್ಮ ಬೀದಿಗೆ ಒಪ್ಪುವುದಿಲ್ಲವೇ?”

ಒಪ್ಪುವುದಿಲ್ಲ, ಮಾನ್ಯರೇ. ಅಲ್ಲಿ ನೀರು ರಭಸದಿಂದ ನುಗ್ಗುತ್ತದೆ. ಬಾಯಿ ಕಿರಿದಾಗಿರದಿದ್ದರೆ ಗುಂಡು ಅದನ್ನು ತಡೆಯಲಾರದು. ಇಲ್ಲಿ ಅದೇ ಕಿರುಬಾಯಿಯಿಂದ ನೀರು ತೊಟ್ಟಿಕ್ಕುತ್ತದೆ. ಇದನ್ನು ತಿಳಿಯಲು ಇಂಜಿನಿಯರಿಂಗ್ ಪದವಿ ಬೇಕೇ? ಓದು ಬಾರದ ಅಂಕಯ್ಯ ಅಂದೇ ಹೇಳಿದ್ದ: “ನೀರಿನ ಜೋರು ನೋಡಿ ಬಾಯಿ ಆರಿಸ್ಬೇಕು ಕಣ್ರೀ. ಮುದ್ರೆ ನೋಡಿ ಅಲ್ಲ.”

ಮಗಳು ಸುನಂದಮ್ಮ ಚೊಚ್ಚಲ ಹೆರಿಗೆಗೆ ಬಂದಿದ್ದಳು. ನೋವು ಕಾಣಿಸಿಕೊಂಡ ಬೆಳಿಗ್ಗೆ ನಲ್ಲಿ ನೀರು ಬಂದು ನಿಂತುಹೋಗಿತ್ತು. ತೊಟ್ಟಿಯಲ್ಲಿ ಗೇಣು ನೀರೂ ಇರಲಿಲ್ಲ. ಅದು ಮಧ್ಯಾಹ್ನದೊಳಗೆ ಮುಗಿಯಿತು. ನಾನು ಡಾಕ್ಟರನ್ನು ಕರೆಯಲು ಓಡಿದ್ದೆ, ನನ್ನ ಹೆಂಡತಿ ಮಗಳ ಕೈ ಬಿಡುವಂತಿರಲಿಲ್ಲ. ಈ ಬೀದಿಯ ಅರ್ಧ ಮಕ್ಕಳನ್ನು ಕೈಗೆತ್ತಿಕೊಂಡ ಚಿಕ್ಕಬೀರಮ್ಮ, ಅರವತ್ತು ದಾಟಿದವರು, ತಾವೇ ಕೊಡ ಹೊತ್ತು ಹೊಳೆಗೆ ಇಳಿದರು. ಎರಡನೆಯ ಸಲ ಏರು ಹತ್ತುವಾಗ ಜಾರಿ ಬಿದ್ದರು. ಮುರಿದ ಬಲಗೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು, ನಾನು ಡಾಕ್ಟರೊಡನೆ ಬರುವಷ್ಟರಲ್ಲಿ ಎಡಗೈಯಿಂದಲೇ ಮಗುವನ್ನು ಹಿಡಿದಿದ್ದರು. ಹೆಣ್ಣು ಕೂಸು, ತಾಯಿ ಮಗು ಚೆನ್ನಾಗಿದ್ದಾರೆ. ಚಿಕ್ಕಬೀರಮ್ಮನ ಬಲಗೈಯ ಮುದುಡಿದ ಬೆರಳುಗಳು ಇನ್ನು ಬಿಚ್ಚುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ಅದನ್ನು ಕೇಳಿ ಆಕೆ ನನಗೆ ಹೇಳಿದ್ದು ಇಷ್ಟೇ: “ಬುಡಿ ಸ್ವಾಮಿ, ಕೂಸು ಉಳೀತಲ್ಲ.”

ನಾನು ಬಿಡಲಾರೆ. ಮರುದಿನವೇ ಅಂಕಯ್ಯನಿಂದ ಹಳೆಯ ಕವಾಟ ಹಾಕಿಸಿದೆ. ಗಂಟೆಯೊಳಗೆ ತೊಟ್ಟಿ ತುಂಬಿತು. ವಾರದೊಳಗೆ ತಮ್ಮವರು ಬಂದು ನಲ್ಲಿಯನ್ನೇ ಮುಚ್ಚಿ ಅರಗಿನ ಮುದ್ರೆ ಒತ್ತಿದರು. ಎಂತಹ ಚುರುಕು! ಈ ಚುರುಕಿನಲ್ಲಿ ಕಾಲು ಭಾಗ ನಮ್ಮ ಕೊಳಾಯಿಯ ನೀರಿಗೆ ಬಂದಿದ್ದರೆ ಈ ಪತ್ರವೇ ಬೇಕಿರಲಿಲ್ಲ.

ಮುದ್ರೆ ತೆಗೆಸಿರಿ. ಬೀದಿ ಬೀದಿಯ ನೀರಿನ ಬಲವನ್ನು ಅಳೆಸಿ, ಅದಕ್ಕೆ ತಕ್ಕ ಕವಾಟವನ್ನು ಅನುಮತಿಸಿರಿ. ಅಷ್ಟಕ್ಕೂ ಮೊದಲು ಚಿಕ್ಕಬೀರಮ್ಮನ ಮನೆ ಬಾಗಿಲಿಗೆ ಬಂದು, ಈ ಅಪ್ಪಣೆ ಯಾರ ಅನುಕೂಲಕ್ಕಾಗಿ ಎಂಬುದನ್ನು ಆಕೆಗೆ ಓದಿ ಹೇಳಿರಿ. ಆಕೆ ಕೈಮುಗಿದು ಎದುರುಗೊಳ್ಳಲಿಲ್ಲವೆಂದು ಮುನಿಯಬೇಡಿ, ಆಕೆಗೆ ಆಗುವುದಿಲ್ಲ.

ಇಂತಿ,
ತಮ್ಮ ಕಾನೂನಿನ ಪ್ರಕಾರ ತಪ್ಪಿತಸ್ಥನಾದ,
ನೀಲಕಂಠಸ್ವಾಮಿ
ಗಾವಡಗೆರೆ ರಸ್ತೆ, ೧೯೩೮