ಅರಗೊಡೆದ ಕುಡಿಕೆ

ಹತ್ತೊಂಬತ್ತನೆಯ ತಾರೀಖು, ಗುರುವಾರ
ಬೆಳಗಿನ ಹತ್ತು ಗಂಟೆ

ಪ್ರೀತಿಯ ಮಗಳಿಗೆ ತಂದೆಯ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ, ಅತ್ತಣ ಕ್ಷೇಮಕ್ಕೆ ಬರೆಯುವುದು ಎಂದು ಆರಂಭಿಸುವುದು ಪದ್ಧತಿ. ಇತ್ತ ಯಾರೂ ಕ್ಷೇಮವಾಗಿಲ್ಲ. ಅತ್ತಣದ್ದನ್ನು ವಿಚಾರಿಸುವ ಅಧಿಕಾರ ನನಗೆ ಉಳಿದಿದೆಯೋ ಇಲ್ಲವೋ ತಿಳಿಯದು. ಹನ್ನೊಂದು ತಿಂಗಳು ಕಾಗದ ಬರೆಯದಿದ್ದುದಕ್ಕೆ ಕಣ್ಣಿನ ಪೊರೆಯೇ ಕಾರಣವೆಂದು ಬರೆಯಲು ಹೊರಟಿದ್ದೆ. ಪೊರೆ ಇರುವುದು ನಿಜ, ಕಾರಣ ಅದಲ್ಲ.

ಕಾಗದ ಕೈಸೇರಿದೊಡನೆ ಲಕೋಟೆಯ ಅರಗನ್ನು ಪರೀಕ್ಷಿಸು. ಅದರಡಿ ನನ್ನದೊಂದು ಬಿಳಿಗೂದಲನ್ನು ಅಡ್ಡಲಾಗಿ ಇರಿಸುತ್ತೇನೆ. ಕೂದಲು ತುಂಡಾಗಿದ್ದರೆ ದಾರಿಯಲ್ಲಿ ಯಾರೋ ಓದಿದ್ದಾರೆಂದು ತಿಳಿ. ಅಂಚೆಯವನು ಈಚೆಗೆ ಸಂಘದ ಯಜಮಾನರ ಕಡೆಗೆ ವಾಲಿದ್ದಾನೆಂದು ಕೇಳಿದ್ದೇನೆ. ನನ್ನನ್ನು ಕಂಡರೆ ಅವನು ಬೇಕಾದುದಕ್ಕಿಂತ ಹೆಚ್ಚು ನಗುತ್ತಾನೆ.

ಒಡೆದುದನ್ನು ಮಂತ್ರದಿಂದ ಕೂಡಿಸುವ ನಮ್ಮ ಬೆಸುಗೆ ಸಂಘವೇ ಇಬ್ಭಾಗವಾಯಿತು. ಸಭಾಂಗಣದ ನೆಲದ ಮೇಲೆ ಗೆರೆ ಎಳೆದಿದ್ದಾರೆ, ಅದೂ ನನ್ನ ಪೆಟ್ಟಿಗೆಯಿಂದ ಕದ್ದ ಸೀಮೆಸುಣ್ಣದಲ್ಲಿ. ಕಿಟಕಿಯ ಕಡೆ ಯಜಮಾನರ ಪಂಗಡ, ಬಾಗಿಲ ಕಡೆ ನಿನ್ನ ಸೋದರತ್ತೆಯ ಪಂಗಡ. ಬಾಗಿಲವರ ಅಪ್ಪಣೆ ಕೇಳಲು ಮನಸ್ಸಿಲ್ಲದೆ, ಎಪ್ಪತ್ತು ದಾಟಿದ ಯಜಮಾನರು ದಿನವೂ ಕಿಟಕಿಯಿಂದ ಕಾಲು ಇಳಿಬಿಟ್ಟು ಒಳಗೆ ಬರುತ್ತಾರೆ. ನಗಬೇಡ, ಮೊನ್ನೆ ಪಂಚೆ ಚಿಲಕಕ್ಕೆ ಸಿಕ್ಕಿಕೊಂಡಾಗ ಬಿಡಿಸಿದವನು ನಾನೇ. ಅಷ್ಟಕ್ಕೇ ನಿನ್ನ ಅತ್ತೆ, "ಓಹೋ, ಅಣ್ಣ ಯಾವ ಕಡೆ ಅಂತ ಗೊತ್ತಾಯ್ತು ಬಿಡು" ಎಂದಳು.

ಒಂದು ಕಪ್ಪಿನ ಹಿಡಿ ಕೂಡಿಸಲು ಈಗ ನಾಲ್ವರು ಕೂರಬೇಕು. ತನ್ನ ಮಂತ್ರವನ್ನು ಪಕ್ಕದವನು ಕದ್ದಾನೆಂದು ನಾಲ್ವರೂ ಬಾಯಿಗೆ ಅಂಗೈ ಅಡ್ಡ ಹಿಡಿದು ಗುನುಗುತ್ತಾರೆ. ನಲವತ್ತು ವರ್ಷ ನಾನು ಕಲಿಸಿದ ಉಚ್ಚಾರಣೆ ಅಂಗೈಯೊಳಗೇ ಸಾಯುತ್ತದೆ, ಹಿಡಿ ಕೆಳಗೆ ಬೀಳುತ್ತದೆ. ಸಂತೆಯಲ್ಲಿ ಕುಂಬಾರಗಿತ್ತಿ ಎಲ್ಲರಿಗೂ ಕೇಳುವಂತೆ ಕೂಗಿದಳು: "ಏನ್ ಮೇಷ್ಟ್ರೇ, ಊರಿನ ಒಡಕು ಗಡಿಗೆ ಎಲ್ಲಾ ಕೂಡಿಸ್ತಿದ್ರಿ, ನಿಮ್ಮ ಮನೇದೇ ಕೂಡಿಸೋಕಾಗ್ಲಿಲ್ವಾ? ನಿಲ್ಸಬೇಡಿ ಮತ್ತೆ ಜಗಳಾನ. ನಂಗೆ ವ್ಯಾಪಾರ ಚೆನ್ನಾಗಿದೆ!"

ಕುಡಿಕೆಗಳ ಕಪಾಟು ಸರಿಯಾಗಿ ಗೆರೆಯ ಮೇಲೆ ನಿಂತಿದೆ. ಹನ್ನೆರಡು ತುಂಬಿದ ದಿನ ನೀನು ತುದಿಗಾಲಿನ ಮೇಲೆ ನಿಂತು ನಿನ್ನ ಕುಡಿಕೆಯನ್ನು ಅಲ್ಲಿಟ್ಟದ್ದು ನೆನಪಿದೆಯೇ? ಲೋಕದಲ್ಲಿ ತಾನು ಎಲ್ಲರಿಗಿಂತ ಹೆಚ್ಚು ನಂಬಿದವರ ಹೆಸರನ್ನು ಅದರೊಳಗೆ ಪಿಸುಗುಟ್ಟಿ, ಬಾಯಿಗೆ ಅರಗು ಹಾಕಬೇಕು. ಅರಗು ಒಡೆದರೆ ದನಿ ಹಾರಿಹೋಗುತ್ತದೆ; ಅದರೊಡನೆ ಕೈಯ ವಿದ್ಯೆಯೂ.

ಹೋದ ವರ್ಷ, ತುಂಬಿದ ಸಭೆಯ ಮುಂದೆ, ನೀನು ಕೂಡಿಸಹೊರಟ ಗಡಿಯಾರದ ಗಾಜು ನಿನ್ನ ಬೆರಳುಗಳ ನಡುವಿನಿಂದ ಚೂರುಚೂರಾಗಿಯೇ ಉದುರಿತು. ಯಜಮಾನರು ನಿನ್ನ ಕುಡಿಕೆಯನ್ನು ತರಿಸಿ ನೋಡಿದರು. ಹಳೆಯ ಅರಗಿನ ಮೇಲೆ ಹೊಸ ಅರಗು. "ನಂಬಿಕೆ ಬದಲಾಯಿಸೋಕೆ ತಾನೇ ತೆಗೆದಿದ್ದಾಳೆ, ಅವಳತ್ತೆ ತೆಗೆಸಿದ್ದಾಳೆ" ಎಂದರು. "ಕಪಾಟಿನ ಕೀಲಿ ಇಟ್ಕೊಂಡೋರು ನೀವು, ಹುಡುಗಿ ಮೇಲೆ ಯಾಕ್ರೀ ಹಾಕ್ತೀರಿ?" ಎಂದು ನಿನ್ನ ಅತ್ತೆ ಎದ್ದಳು. ಅವರ ಕೀಲಿಯ ಮಾತು ಬಂದಿತು, ಅವಳ ಕೀಲಿಯ ಮಾತು ಬಂದಿತು. ಮೂರನೆಯ ಕೀಲಿ ನನ್ನಲ್ಲಿತ್ತು. ಅದರ ಮಾತನ್ನು ಯಾರೂ ಎತ್ತಲಿಲ್ಲ. ಮೇಷ್ಟರಲ್ಲವೇ!

ಆಗ ನಾನು ಎದ್ದು, ಗುರುವಿನ ಗತ್ತಿನಲ್ಲಿ, "ನೀನು ತೆಗೆದೆಯಾ?" ಎಂದು ನಿನ್ನನ್ನು ಕೇಳಿದೆ. ನೀನು, "ನೀವೇ ಇದನ್ನ ಕೇಳ್ತಿದ್ದೀರಾ, ಅಪ್ಪಾ?" ಎಂದಷ್ಟೇ ಹೇಳಿ ಹೊರಟುಹೋದೆ.

ಅಂದಿನಿಂದ ಎಲ್ಲರೂ ತಂತಮ್ಮ ಕುಡಿಕೆಯನ್ನು ಮೂಸಿ ನೋಡುವವರೇ. ಸಂದೇಹ ತಡೆಯದೆ ಕೆಲವರು ತಾವೇ ಅರಗು ಕೆರೆದರು, ಇದ್ದ ವಿದ್ಯೆಯನ್ನೂ ಕಳೆದುಕೊಂಡರು.

ಬರುವ ಸೋಮವಾರ ಕಪಾಟಿನ ಪಾಲು. ಅಂದು ನಿನ್ನ ಕುಡಿಕೆಯನ್ನು ಸಭೆಯಲ್ಲಿ ಪುಡಿಮಾಡಿ, ನಿನ್ನ ಹೆಸರನ್ನು ಹೊಡೆದುಹಾಕಲು ಎರಡೂ ಪಂಗಡಗಳು ಒಪ್ಪಿವೆ. ಬೇರೆ ಯಾವುದರಲ್ಲೂ ಅವರಿಗೆ ಒಮ್ಮತವಿಲ್ಲ. ನಿನ್ನ ಅತ್ತೆ ಕೂಡ ತನ್ನವರ ಕೈಯಲ್ಲಿ ಸೋತಳು. ಪುಡಿಯಾದ ಮೇಲೆ ನೀನು ಜನ್ಮದಲ್ಲಿ ಇನ್ನೊಂದು ಕುಡಿಕೆ ಇಡುವಂತಿಲ್ಲ. ನೀನೀಗ ಗಾಜಿನಂಗಡಿಯಲ್ಲಿ ಒಡೆದ ಚೂರು ಗುಡಿಸುವ ಕೆಲಸದಲ್ಲಿರುವೆಯೆಂದು ನಿನ್ನ ಅತ್ತೆಯೇ ಹೇಳಿದಳು. ವಿಳಾಸದ ಚೀಟಿಯನ್ನು ಗೆರೆಯಾಚೆಯಿಂದ ಎಸೆದು, "ಬರೆಯೋದಾದ್ರೆ ನಿಜ ಬರಿ ಅಣ್ಣ, ಇಲ್ದಿದ್ರೆ ಕಾಗದ ಯಾಕೆ ದಂಡ" ಎಂದಳು.

ಅಂಗೈಗೆ ಚೂರು ಚುಚ್ಚದಂತೆ ಬಟ್ಟೆ ಸುತ್ತಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಗಳು ಚೆನ್ನಾಗಿರಲಿ, ನಿನ್ನ ಬಾಳು ಚೆನ್ನಾಗಿರಲಿ.

ಇಂತು,
ನಿನ್ನ ತಂದೆ

ತಾಜಾ ಕಲಂ: ನಿನ್ನ ಅರಗನ್ನು ಒಡೆದವನು ನಾನು. ಆ ದಿನಗಳಲ್ಲಿ ನೀನು ಅತ್ತೆಯ ಮನೆಯಲ್ಲೇ ಹೆಚ್ಚು ಕೂರುತ್ತಿದ್ದೆ. ಕುಡಿಕೆಯಲ್ಲಿರುವುದು ಅವಳ ಹೆಸರೇ ಇರಬೇಕೆಂಬ ಹುಳು ನನ್ನ ತಲೆ ಹೊಕ್ಕಿತು. ಒಂದು ಮಧ್ಯಾಹ್ನ ಪಾಠ ಮುಗಿದ ಮೇಲೆ ಚಾಕುವಿನಿಂದ ಬಿಡಿಸಿ ಕಿವಿಗೆ ಹಿಡಿದೆ. ಹನ್ನೆರಡು ವರ್ಷದ ನಿನ್ನ ದನಿ "ನಮ್ಮಪ್ಪ" ಎಂದಿತು. ಒಂದೇ ಸಲ. ಮತ್ತೆಷ್ಟು ಹೊತ್ತು ಹಿಡಿದರೂ ಬರೀ ಮಣ್ಣಿನ ವಾಸನೆ.

ಸೋಮವಾರ ಸಭೆಯಲ್ಲಿ ಇದನ್ನು ಹೇಳುತ್ತೇನೆ. ಅರಗೊಡೆದವರು ಬೇರೆಯವರೆಂದು ಸಾಬೀತಾದರೆ ಕುಡಿಕೆಯ ಒಡೆಯರು ಹೊಸದನ್ನು ಇಡಬಹುದು, ಪುಡಿಯಾಗಬೇಕಾದದ್ದು ಒಡೆದವನ ಕುಡಿಕೆ. ನಿಯಮ ಸರಿಯಾಗಿದೆ. ಲಕೋಟೆಗೆ ಕೂದಲನ್ನೂ ಇಡುತ್ತಿಲ್ಲ, ಅರಗನ್ನೂ ಹಾಕುತ್ತಿಲ್ಲ. ಅಂಚೆಯವನು ಓದುವುದಾದರೆ ಓದಲಿ.

ಹೊಸ ಕುಡಿಕೆಯಲ್ಲಿ ಯಾರ ಹೆಸರು ಹೇಳುವೆಯೆಂದು ನಾನು ಕೇಳುವುದಿಲ್ಲ.