ಅಪ್ಪನ ಎಡಗೈ ಹಾಕಿದ ಮತ

ಅಂಗಡಿ ಸಾಲಿನ ತೆರವು ಸಭೆಯ ಮಾನ್ಯ ಅಧ್ಯಕ್ಷರೇ,

ನಮ್ಮ ಹೊಲಿಗೆ ಅಂಗಡಿಯನ್ನು ಕೆಡವಲು ಒಪ್ಪಿಗೆ ಕೊಟ್ಟದ್ದು ನನ್ನ ಅಪ್ಪ ಅಲ್ಲ, ಅವರ ಎಡಗೈ. ಈ ವ್ಯತ್ಯಾಸ ತಮಗೆ ಹೊಳೆಯದ ಕಾರಣ ಮುಂದಿನ ವಾರ ಬುಲ್ಡೋಜರ್ ಬರುತ್ತಿದೆ.

ಹೊಳೆಯದಿರುವುದು ತಮ್ಮೊಬ್ಬರ ತಪ್ಪಲ್ಲ, ನಮಗೂ ಬಹಳ ದಿನ ಹೊಳೆಯಲಿಲ್ಲ. ಅಪ್ಪ ದರ್ಜಿ. ಮೊದಲು ಅವರ ಎಡಗೈಗೆ ಗುಂಡಿ ಹಾಕುವುದು ಮರೆತುಹೋಯಿತು. ಆಮೇಲೆ ಹಿಡಿದದ್ದನ್ನು ಬಿಡದಾಯಿತು. ಅಳತೆ ಕೊಡಲು ಬಂದ ಗಿರಾಕಿಯ ಕಾಲರನ್ನೇ ಹಿಡಿದು ನಿಂತಿತು, ಬಲಗೈ ಹೋಗಿ ಬಿಡಿಸಿತು. ಕೊನೆಗೆ ತನ್ನಷ್ಟಕ್ಕೆ ಮೇಲೇಳತೊಡಗಿತು.

“ಯಾರಿಗ್ರೀ ಟಾಟಾ ಮಾಡ್ತಾ ಇದೀರಾ?” ಅಮ್ಮ ಗದರಿದಳು.

“ನಾನಲ್ವೇ, ಅದು!”

ನಾವು ನಕ್ಕೆವು. ನರರೋಗದ ಡಾಕ್ಟರು ನಗಲಿಲ್ಲ. ಮಿದುಳಿನ ಜೀವಕೋಶಗಳು ಸವೆಯುವ ಅಪರೂಪದ ಕಾಯಿಲೆ, ಒಂದು ಕೈಯಿಂದ ಶುರುವಾಗಿ ನಡಿಗೆಗೆ, ಮಾತಿಗೆ ಹಬ್ಬುತ್ತದೆ, ಕೈ ಹೇಳಿದಂತೆ ಕೇಳದಿರುವುದೇ ಅದರ ಲಕ್ಷಣ ಎಂದರು.

ಸಭೆಯಲ್ಲಿ ತಾವು “ಒಪ್ಪುವವರು ಕೈ ಎತ್ತಿ” ಎಂದಾಗ ಆ ಎಡಗೈ ಎದ್ದಿತು. ಬಲಗೈ ಅದನ್ನು ಕೆಳಗೆ ಜಗ್ಗುತ್ತಿತ್ತು. ಒಬ್ಬ ಮನುಷ್ಯನ ಎರಡು ಕೈಗಳು ತುಂಬಿದ ಸಭೆಯಲ್ಲಿ ಜಗಳವಾಡುತ್ತಿದ್ದರೆ ಅದು ಉತ್ಸಾಹದಂತೆ ಕಾಣುತ್ತದೆಯೇ? ಒಪ್ಪದವರ ಸರದಿಯಲ್ಲಿ ಅಪ್ಪ ಬಲಗೈ ಎತ್ತಿದರೆ, “ಏನ್ರೀ, ಒಬ್ಬರಿಗೆ ಎರಡೆರಡು ಮತಾನಾ?” ಎಂದು ನಗಿಸಿದಿರಿ. ಒಂದೇ ಮತದಿಂದ ನಮ್ಮ ಸಾಲು ಸೋತಿತು.

ಮರುದಿನ ಅಪ್ಪನನ್ನು ಕರೆದುಕೊಂಡು ತಮ್ಮ ಕಚೇರಿಗೆ ಬಂದಾಗ ತಮ್ಮ ಗುಮಾಸ್ತರು ಕನಿಕರದಿಂದ ದಾರಿ ತೋರಿದರು. “ಯಾರೋ ಕೈ ಹಿಡಿದು ಎತ್ತಿಸಿದ್ರು ಅಂತ ಬರ್ಕೊಡಪ್ಪ, ಮುಗೀತು.”

“ಯಾರೂ ಎತ್ತಿಸ್ಲಿಲ್ಲ ಸಾರ್. ಅದೇ ಎದ್ದಿದ್ದು.”

“ಹಾಗಾದ್ರೆ ಒಪ್ಪಿಗೇನೇ ಬಿಡು.”

ಒಂದು ಕಡೆ ಕೂರಲಾಗದೆ ಶಾಲೆ ಬಿಟ್ಟವನು ನಾನು. ಆದರೂ ಆಗದ್ದನ್ನು ಆಯಿತೆಂದು ಬರೆಯಲು ಕೈ ಬರಲಿಲ್ಲ. ಆಗ ತಾವು ಒಳಗಿನಿಂದ ಬಂದು ತೀರ್ಪು ಕೊಟ್ಟಿರಿ: “ಕೈ ಬೇರೆ, ಮನುಷ್ಯ ಬೇರೆ ಅಂತೀಯಲ್ಲ, ಆ ಕೈಯಿಂದಾನೇ ರುಜು ಹಾಕ್ಸು, ಮತ ವಾಪಸ್ ಮಾಡೋಣ.” ಪಕ್ಕದಲ್ಲೇ ಕೂತಿದ್ದ ಅಪ್ಪನ ಎಡಗೈ ತಮ್ಮ ಪೆನ್ನನ್ನು ಹಿಡಿಯಿತು. ರುಜು ಹಾಕಲಿಲ್ಲ, ಪೆನ್ನನ್ನೂ ಬಿಡಲಿಲ್ಲ. ಮನೆಯವರೆಗೂ ತಂದಿತು. ಅದನ್ನು ಈ ಪತ್ರದ ಜೊತೆ ಹಿಂದಿರುಗಿಸಿದ್ದೇನೆ.

ನನ್ನ ಬೇಡಿಕೆ ಇಷ್ಟೇ. ಬುಲ್ಡೋಜರ್ ನಿಲ್ಲಿಸಿ, ಸಭೆ ಮತ್ತೆ ಕರೆಯಿರಿ. ಈ ಸಲ ಕೈಗಳನ್ನು ಎಣಿಸಬೇಡಿ, ಬಾಯಲ್ಲಿ ಕೇಳಿ. ಅಪ್ಪನ ಉತ್ತರ ಬರುವುದು ತಡವಾಗುತ್ತದೆ, ಕಾಯಬೇಕು. ಕಾಯಿಲೆ ಈಗಾಗಲೇ ನಾಲಿಗೆಗೆ ಇಳಿಯುತ್ತಿದೆ. ನಿನ್ನೆ “ಬೇಡ” ಅನ್ನುವಷ್ಟರಲ್ಲಿ ಅಮ್ಮ ಅನ್ನ ಬಡಿಸಿಯಾಗಿತ್ತು. ಅವರಿಗೆ ಆ ಒಂದು ಮಾತು ಇನ್ನೂ ಆಡಲು ಬರುತ್ತಿರುವಾಗಲೇ ಕೇಳಿ.

ಇಂತಿ,
ಶಾಲೆಯಲ್ಲಿ ಒಮ್ಮೆಯೂ ಕೈ ಎತ್ತದೆ, ಈಗ ಅಪ್ಪನ ಕೈ ಇಳಿಸುವ ಕೆಲಸದಲ್ಲಿರುವ
ದರ್ಜಿಯ ಮಗ